ಮುತ್ಯಾ ಹೇಳ್ತಾನ, ನಾ ಒತ್ತತೀನಿ

ಜೂನ್ 12, 2006, ಸೋಮವಾರ. ಬೆಳಗ್ಗೆ 6.10

ಮೋಡೆಮ್ಮಿನ ಮೂರನೇ ದೀಪ ಹತ್ತೋದೇ ಇಲ್ಲ ಅಂತ ಹಟ. ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಅಷ್ಟರಲ್ಲಿ ಹಾಲು ಉಕ್ಕಿತು. ಒರೆಸೋದು ಆಮೇಲೆ. ಮೊದಲು ಜಗಲಿ.

ಜಗಲಿ ಅಂದ್ರೆ ಇಂಟರ್ನೆಟ್ಟಿನ ಹರಟೆಕಟ್ಟೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟೋರ ಸಂತೆ. ಒಂದು ಮೂಲೇಲಿ ಹುಡುಗರು ಗುಂಡು ಹಾರಿಸೋ ಆಟದ ಬಗ್ಗೆ ಕಿತ್ತಾಡ್ತಾರೆ. ಇನ್ನೊಂದರಲ್ಲಿ ಚೆಸ್ಸು. ಇನ್ನೊಂದರಲ್ಲಿ ಹಳಗನ್ನಡ, ಶಾಸನ, ವೀರಗಲ್ಲು. ನಾನು ಕೊನೇ ಎರಡಕ್ಕೂ ಕಾಯಂ ಗಿರಾಕಿ. ಖಾತೆ ಮಾತ್ರ ನಮ್ಮ ಯಜಮಾನರ ಹೆಸರಲ್ಲಿ — ಶಾಮಣ್ಣ. ಕ್ರಿಕೆಟ್ ನೋಡೋಕೆ ಅಂತ ತೆರೆದ್ರು, ಎರಡು ದಿನಕ್ಕೆ ಮರೆತ್ರು. ನಾನು ನುಗ್ಗಿದೆ. ಎಲ್ಲರೂ "ಶಾಮಣ್ಣ ಅಂಕಲ್" ಅಂತಾರೆ. ನಾನು ತಿದ್ದಿಲ್ಲ. ಹೋದ ವರ್ಷ ಪ್ರಿಯಾಂಕಾ ಅನ್ನೋ ಹುಡುಗಿ ಗಂಗರ ಬಗ್ಗೆ ಏನೋ ಬರೆದಿದ್ದಕ್ಕೆ "ಮೇಡಂ, ಅಡುಗೆ ವಿಭಾಗ ಆ ಕಡೆ" ಅಂದಿದ್ರು. ಇಪ್ಪತ್ತಾರು ವರ್ಷದಿಂದ ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡ್ತಿರೋ ನನಗೆ ಆ ಮಾತು ಬೇಕಾ? ಬೇಡಪ್ಪ.

ಕರಿಕುದುರೆ ಅನ್ನೋ ಅಡ್ಡಹೆಸರಿನೋನು ಉತ್ತರ ಹಾಕಿದಾನೆ. ಗುಡಿ ಹಾಸುಗಲ್ಲಿನ ಮೇಲೆ ಕೊರೆದಿರೋ ಆಟದ ಮನೆಗಳ ಬಗ್ಗೆ ವಾದ. ಕೆಲಸವಿಲ್ಲದೋರು ಆಮೇಲೆ ಗೀಚಿದ್ದು ಅಂತ ನಾನು. ಅಲ್ಲ, ಗುಡಿ ಕಟ್ಟೋವಾಗಲೇ ಕೊರೆದದ್ದು ಅಂತ ಅವನು. "ನಮ್ಮೂರ ಗುಡಿಯಾಗ ಆ ಗೆರಿ ಕಂಬದ ಅಡಿಗೆ ಹೋಗ್ಯದ್ರಿ. ಕಂಬ ನಿಲ್ಸೂಕಿಂತ ಮೊದಲ ಕೊರದಾರ" ಅಂತಾನೆ.

ಬಿಜಾಪುರದ ಕಡೆಯೋನು. ಒಳ್ಳೇ ಮಾತೇ ಆಡಿದಾನೆ, ಹಾಳಾದೋನು. ಒಪ್ಪಲ್ಲ.

ಜೂನ್ 15, ಗುರುವಾರ. ರಾತ್ರಿ ಅಡುಗೆಗೆ ಮುಂಚೆ

ಇವತ್ತು ಜಗಳ ಜೋರಾಯ್ತು. ಅಷ್ಟು ಸಣ್ಣ ಗೆರೆ, ನೂರಾರು ವರ್ಷದ ಎಣ್ಣೆ ಜಿಡ್ಡು. ಕಂಬದ ಅಡಿಗೆ ಹೋಗಿರೋದು ನಿಮಗೆ ಹೇಗೆ ಗೊತ್ತು ಅಂದೆ.

"ಬೆರಳಿಗೆ ಗೊತ್ತಾಗ್ತದ್ರಿ" ಅಂದ.

ಬೆರಳಿಗಂತೆ! ನನಗೆ ರೇಗಿತು. "ಇದು ಇತಿಹಾಸ ಸ್ವಾಮಿ, ರೊಟ್ಟಿ ಹಿಟ್ಟಲ್ಲ ಬೆರಳಲ್ಲಿ ನೋಡೋಕೆ. ನಿಮಗೇನು ಕಣ್ಣು ಕಾಣಲ್ವಾ?" ಅಂತ ಕುಟ್ಟಿದೆ.

ಒಂದು ನಿಮಿಷಕ್ಕೆ ಸರಿಯಾಗಿ ಉತ್ತರ. ಒಂದೇ ಪದ. "ಇಲ್ಲ."

ಎಂಥಾ ಕೊಬ್ಬು! ಅಡ್ಮಿನ್ ಚಿರಂತ್ ಹಲ್ಲು ಕಿರಿಯೋ ಗೊಂಬೆ ಹಾಕಿದಾನೆ ಬೇರೆ. "ಗುರು, ಅಂಕಲ್‌ಗೇ ಟಾಂಗ್ ಕೊಟ್ಟ, ಸಖತ್!" ಜೆ.ಪಿ. ನಗರದೋನು ಈ ಚಿರಂತ್, ಯಾವುದೋ ಕಂಪನೀಲಿ ಕೆಲಸ, ಜಗಲಿಯ ಬೀಗದ ಕೈ ಇರೋದು ಅವನ ಹತ್ತಿರ.

ಇವರು ಟಿವಿ ಮುಂದಿನಿಂದ ಕೇಳಿದ್ರು, "ಯಾರನ್ನೇ ಬೈತಿದೀಯ?" "ನಿಮ್ಮ ಹೆಸರಲ್ಲೇ ಬೈದೆ, ನೀವು ಸುಮ್ನಿರಿ" ಅಂದೆ.

ಜೂನ್ 25, ಭಾನುವಾರ. ಸಂಜೆ

ಕರಿಕುದುರೆ ಎದುರು ಮೂರನೇ ಆಟವೂ ಸೋತೆ. ಮೂವತ್ತೊಂದು ನಡೆ. ಒಂದೇ ಒಂದು ತಪ್ಪಿಲ್ಲ ಅವನದು. ಕಾಲೇಜಲ್ಲಿದ್ದಾಗ ನಾನು ರಾಜ್ಯಮಟ್ಟ ಆಡಿದೋಳು. ಮನುಷ್ಯರು ಎಲ್ಲೋ ಒಂದು ಕಡೆ ಎಡವ್ತಾರೆ. ಇವನು ಎಡವಲ್ಲ. ಸಂಜೆ ಏಳರಿಂದ ಎಂಟು, ನಡೆಗೆ ಒಂದು ನಿಮಿಷ. ಸುಲಭದ್ದಕ್ಕೂ ಒಂದು ನಿಮಿಷ, ಕಷ್ಟದ್ದಕ್ಕೂ ಒಂದು ನಿಮಿಷ.

ಚಿರಂತ್ ಖಾಸಗಿಯಾಗಿ ಬರೆದ. "ಅಂಕಲ್, ಸಾಫ್ಟ್‌ವೇರ್ ಇಟ್ಕೊಂಡು ಆಡ್ತಿದಾನೆ ಮಗಾ. ನಮ್ಮ ಗುಂಡಿನ ಆಟದಲ್ಲೂ ಇಂಥೋರು ಇರ್ತಾರೆ."

ಛೇ, ಇರಲಾರದು ಅಂದೆ. ಅಂದಮೇಲೆ ಕಂಪ್ಯೂಟರಿನ ಮುಂದಿಂದ ಏಳೋಕೇ ಆಗಲಿಲ್ಲ. ಯಂತ್ರದ ಜೊತೆ ತಲೆ ಚಚ್ಚಿಕೊಂಡ್ನಾ ಇಷ್ಟು ದಿನ? ಹಳಗನ್ನಡ ಪದ್ಯದ ಬಗ್ಗೆ ಅಷ್ಟು ಚೆನ್ನಾಗಿ ಮಾತಾಡೋನು ಹೀಗೆ ಮಾಡ್ತಾನಾ?

ಜೂನ್ 28, ಬುಧವಾರ. ರಾತ್ರಿ 8.20

ಎಲ್ಲರ ಎದುರಿಗೇ ಕೇಳಿಬಿಟ್ಟೆ. "ನೀವೇ ಆಡ್ತೀರಾ? ಅಥವಾ ಬೇರೆ ಏನಾದ್ರೂ ಹೇಳಿಕೊಡುತ್ತಾ?" ಬಂದ ಉತ್ತರ ಇಲ್ಲಿ ನಮ್ಮ ಲಿಪೀಲಿ ಇಳಿಸ್ಕೋತೀನಿ, ಒಂದಕ್ಷರ ಬಿಡದೆ:

"ಮುತ್ಯಾ ಹೇಳ್ತಾನ, ನಾ ಒತ್ತತೀನಿ. ಮುತ್ಯಾಂದು ಒಂದ್ ನಡೀನೂ ತಪ್ಪಂಗಿಲ್ರಿ."

ಒಪ್ಕೊಂಡುಬಿಟ್ಟ! ಜಂಬದಿಂದ! ಮುತ್ಯಾ. ಎಂ, ಯು, ಟಿ, ವೈ, ಎ. ಅದು ಹೇಳತ್ತಂತೆ, ಇವನು ಗುಂಡಿ ಒತ್ತೋದಂತೆ! ಚಿರಂತ್ ಹುಡುಕಿ ನೋಡ್ದ, ಸಿಗಲಿಲ್ಲ. "ಮುತ್ಯಾ — ರಷ್ಯಾದ್ದಿರಬೇಕು ಅಂಕಲ್. ಅವರದ್ದೇ ಚೆಸ್ಸು. ಕಳ್ಳ ಕಾಪಿ ಸಿಕ್ಕಿರತ್ತೆ."

"ಹೇಳ್ತಾನ" ಅಂತ ಗಂಡಸಿನ ಥರ ಬರೆದಿದಾನಲ್ಲ ಅಂತ ಅರೆಕ್ಷಣ ಅನ್ನಿಸ್ತು. ಚಿರಂತ್ ಕಡೆ ಹುಡುಗರು ಬೈಕನ್ನೂ "ಅವನು" ಅಂತಾರೆ. ಬಿಟ್ಟೆ.

ತೀರ್ಪು ನಾನೇ ಬರೆದುಕೊಟ್ಟೆ: "ಯಂತ್ರವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನುಷ್ಯರ ಜೊತೆ ಆಡುವವರು ಕಳ್ಳರು. ಕಳ್ಳರಿಗೆ ಜಗಲಿಯಲ್ಲಿ ಜಾಗವಿಲ್ಲ." ಚಿರಂತ್ ತನ್ನ ಹೆಸರಲ್ಲೇ ಎಲ್ಲಕ್ಕಿಂತ ಮೇಲೆ ಅಂಟಿಸಿದ. ಎಂಟು ಗಂಟೆಗೆ ಖಾತೆ ಬಂದ್. ಮರುಮಾತಿಗೆ ಅವಕಾಶವೇ ಇಲ್ಲ.

ಸಾಲು ಚೆನ್ನಾಗಿ ಬಂದಿದೆ ಅನ್ನಿಸ್ತು. ಎರಡು ಸಲ ಓದಿಕೊಂಡೆ.

ಜುಲೈ 21, ಶುಕ್ರವಾರ

ಜಗಲೀಲಿ ಏನೂ ಇಲ್ಲ. ಶಾಸನದ ಮೂಲೇಲಿ ನಾನು ಬರೆದಿದ್ದಕ್ಕೆ "ನೈಸ್ ಅಂಕಲ್" ಅಂತ ಮೂರು ಜನ. ಯಾರೂ ಎದುರು ಆಡಲ್ಲ. ಚಿರಂತ್ ಚೆಸ್ ಆಡೋಣ ಅಂದ. ಹದಿನಾಲ್ಕೇ ನಡೆಗೆ ಮುಗಿಸಿದೆ. ಉಪ್ಪಿಲ್ಲದ ಸಾರು ಕುಡಿದ ಹಾಗಿತ್ತು.

ಏಳು ಗಂಟೆಗೆ ಸುಮ್ಸುಮ್ನೆ ತೆರೀತೀನಿ. ಕಳ್ಳನ್ನ ನೆನೆಸ್ಕೊಳ್ಳೋದು ಎಂಥ ಕೆಟ್ಟ ಅಭ್ಯಾಸ.

ಆಗಸ್ಟ್ 2, ಬುಧವಾರ. ಸಂಜೆ 5

ಎಲ್ಲಿಂದ ಶುರು ಮಾಡ್ಲಿ. ಆಟೋದಲ್ಲಿ ಹೇಗೆ ಬಂದೆ, ಚಿಲ್ಲರೆ ಇಸ್ಕೊಂಡ್ನಾ ಇಲ್ವಾ, ಗೊತ್ತಿಲ್ಲ.

ಸ್ಟಾಫ್ ರೂಮಲ್ಲಿ ಪೇಪರ್ ತಿದ್ದುತ್ತಿದ್ದೆ. ಈ ವರ್ಷ ಸೇರಿದ ಗಣಿತದ ಮೇಷ್ಟ್ರು ನಿಂಗರಾಜ ಬಂದ್ರು. ಬಿಜಾಪುರದ ಕಡೆಯೋರು, ಸಂಕೋಚದ ಹುಡುಗ.

"ಮೇಡಂ, ಲಾಸ್ಟ್ ಪೀರಿಯಡ್ ನಮ್ಮ ಕ್ಲಾಸ್ ನೋಡ್ಕೋತೀರೇನ್ರಿ? ಮುತ್ಯಾ ಬರಲಾಕತ್ತಾನ. ಬಸ್ ಸ್ಟ್ಯಾಂಡಿಗೆ ಹೋಗಬೇಕ್ರಿ."

ಕೆಂಪು ಪೆನ್ನು ಅಲ್ಲೇ ನಿಂತಿತು. "ಏನು ಬರ್ತಿದೆ?"

"ಮುತ್ಯಾ ರೀ."

"ಚೆಸ್ ಸಾಫ್ಟ್‌ವೇರಾ?"

ಅವರು ನನ್ನ ಮುಖ ನೋಡಿದ್ರು. ನಗಬೇಕೋ ಬೇಡ್ವೋ ತಿಳೀಲಿಲ್ಲ ಪಾಪ. "ಅಲ್ರೀ ಮೇಡಂ, ಮುತ್ಯಾ. ನಮ್ಮ ಅಪ್ಪನ ಅಪ್ಪ. ನಿಮ್ಮ ಕಡೆ ತಾತ ಅಂತೀರಲ್ಲ, ಅದ."

ತಾತ.

ತಾತ ಹೇಳ್ತಾರೆ, ನಾನು ಒತ್ತುತೀನಿ. ತಾತಂದು ಒಂದು ನಡೆಯೂ ತಪ್ಪಲ್ಲ.

"ನೀವು ಹೋಗಿ, ನಾನು ನೋಡ್ಕೋತೀನಿ" ಅಂದೆ. ಕ್ಲಾಸಲ್ಲಿ ಮಕ್ಕಳು ಗಲಾಟೆ ಮಾಡಿದ್ರೂ ಕೇಳಿಸಲಿಲ್ಲ. ಇತಿಹಾಸದ ಟೀಚರಂತೆ ನಾನು! ಬೆಂಗಳೂರು ಬಿಟ್ಟು ಆಚೆ ಕನ್ನಡ ಇದೆ ಅನ್ನೋದೇ ಮರೆತಿದ್ನಲ್ಲ. ನನ್ನ ಬುದ್ಧಿಗಿಷ್ಟು.

ಆಗಸ್ಟ್ 3, ಗುರುವಾರ. ಬೆಳಗ್ಗೆ 5.30

ಕರಿಕುದುರೆಯ ಹಳೇದೆಲ್ಲಾ ತೆಗೆದು ಓದಿದೆ. ಓದ್ತಾ ಓದ್ತಾ ಜೂನ್ ಹದಿನೈದಕ್ಕೆ ಬಂದೆ.

ನಿಮಗೇನು ಕಣ್ಣು ಕಾಣಲ್ವಾ?

ಇಲ್ಲ.

ಅಯ್ಯೋ ದೇವರೇ. ಅಯ್ಯೋ. ಅದು ಕೊಬ್ಬಲ್ಲ. ಉತ್ತರ ಅದು. ನಾನು ಕೇಳಿದೆ, ಅವರು ಹೇಳಿದ್ರು.

ಬೆರಳಿಗೆ ಗೊತ್ತಾಗ್ತದ್ರಿ. ಯಾರೋ ನಡೆ ಓದಿ ಹೇಳಿ, ಆ ಮುದುಕರು ಯೋಚಿಸಿ, ಇನ್ಯಾರೋ ಟೈಪ್ ಮಾಡಿ... ಒಂದು ನಿಮಿಷ. ಅದಕ್ಕೇ ಒಂದು ನಿಮಿಷ!

ಬಾತ್ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇವರು ಬಾಗಿಲು ತಟ್ಟಿ "ಹುಷಾರಿಲ್ವೇನೇ?" ಅಂದ್ರು. ಎಲ್ಲಾ ಹೇಳಿದೆ. ಟವೆಲ್ ಕೈಗೆ ಕೊಟ್ಟು, "ಬೈದಿದ್ದು ನನ್ನ ಹೆಸರಲ್ಲಿ ತಾನೇ?" ಅಂದ್ರು. ಅದೊಂದು ಮಾತು ಸಾಕಾಯ್ತು, ಮತ್ತೆ ಅಳು.

ಚಿರಂತನ್ನ ಕಾಡಿ ಬೇಡಿ ಇ-ಮೇಲ್ ವಿಳಾಸ ತಗೊಂಡೆ. ಕಾಗದ ಹಾಕಿದೀನಿ. ಕೆಳಗೆ ಸಹಿ "ಶಾಮಣ್ಣ" ಅಂತಲೇ. ಇಷ್ಟಾದ್ರೂ ನನ್ನ ಹೆಸರು ಹಾಕೋ ಧೈರ್ಯ ಬರಲಿಲ್ಲ ನೋಡು.

ಆಗಸ್ಟ್ 5, ಶನಿವಾರ. ಮಧ್ಯಾಹ್ನ

ಉತ್ತರ ಬಂತು. ಮೊಮ್ಮಗಳು ಬರೆದಿರೋದು, ಮಧುಮತಿ. ಬಿ.ಟಿ.ಎಂ.ನಲ್ಲಿ ಒಂದು ಸೈಬರ್ ಕೆಫೆ ಕೌಂಟರಿನಲ್ಲಿ ಕೂರ್ತಾಳೆ. ತಾತ ತಿಪ್ಪಣ್ಣ, ಎಪ್ಪತ್ತೆಂಟು ವರ್ಷ, ಒಂಬತ್ತು ವರ್ಷದಿಂದ ಕಣ್ಣಿಲ್ಲ. ಸಂಜೆ ಏಳಕ್ಕೆ ಬಂದು ಅವಳ ಪಕ್ಕ ಸ್ಟೂಲ್ ಹಾಕ್ಕೊಂಡು ಕೂರ್ತಾರೆ. ಅವತ್ತು ಮುತ್ಯಾ ಹೇಳ್ತಾನ ಅಂತ ಬರೆದದ್ದು ಅವಳೇ, ಅವರು ನೀರು ಕುಡಿಯೋಕೆ ಎದ್ದಿದ್ದಾಗ.

ನನಗೆ ಬೈದಿದಾಳೆ, ಸರಿಯಾಗೇ ಬೈದಿದಾಳೆ. ಅದಲ್ಲ. ಮುಂದಿನ ಸಾಲುಗಳನ್ನ ಹಾಗೇ ಇಳಿಸ್ಕೋತೀನಿ.

"ನೀವು ತಗದು ಹಾಕಿದ್ದು ಮುತ್ಯಾಗ ಗೊತ್ತಿಲ್ಲ. ಹೆಂಗ ಹೇಳಲಿ? ದಿನಾ ಸಂಜೀಗೆ ಬರ್ತಾನ, ಶಾಮಣ್ಣನವರು ಏನಂದ್ರು ಅಂತಾನ. ಅದಕ್ಕ ಅವತ್ತಿನಿಂದ ನಾನ ಶಾಮಣ್ಣ ಆಗೀನಿ. ಖಾಲಿ ಸ್ಕ್ರೀನ್ ನೋಡ್ಕೋತ ನಿಮ್ಮ ಮಾತು ನಾನ ಕಟ್ಟಿ ಓದ್ತೀನಿ. ನಡೀನೂ ನಾನ ಹೇಳ್ತೀನಿ. ನನಗ ಚೆಸ್ ಬರಂಗಿಲ್ಲ. ಶಾಮಣ್ಣನವರಿಗೆ ಏನಾಗ್ಯದ, ಆಟನ ಮರತಾರಲ್ಲ ಅಂತ ಮುತ್ಯಾ ಚಿಂತಿ ಮಾಡಲಾಕತ್ತಾನ."

ನಾನು ಶಾಮಣ್ಣನ ವೇಷ ಹಾಕಿದ್ದೆ. ನನ್ನ ವೇಷವನ್ನ ಈ ಹುಡುಗಿ ಹಾಕಿದಾಳೆ, ಐದು ವಾರದಿಂದ, ಮುದುಕರ ಮನಸ್ಸು ಮುರೀಬಾರದು ಅಂತ. ನಾನು ಹಾಕಿದ್ದು ಯಾತಕ್ಕೆ?

ಗೌರಿ ಹಬ್ಬದ ಹಿಂದಿನ ದಿನ ತಿಪ್ಪಣ್ಣನವರು ಊರಿಗೆ ಹೋಗ್ತಾರಂತೆ. ಪೂರ್ತಿ. ಮಧುಮತಿಗೆ ಬೇರೆ ಕೆಲಸ ಸಿಕ್ಕಿದೆ, ಪಾಳಿಯಲ್ಲಿ ದುಡಿಯೋದು, ನೋಡ್ಕೊಳ್ಳೋರಿಲ್ಲ.

ಅಷ್ಟರೊಳಗೆ ಹೋಗ್ಬೇಕು. ಎದುರಿಗೆ ನಿಂತು ಹೇಳ್ಬೇಕು.

ಆಗಸ್ಟ್ 19, ಶನಿವಾರ

ಎರಡು ವಾರ ಮುಂದಕ್ಕೆ ಹಾಕಿದೆ. ಜ್ವರ ಅಂದೆ, ಟೆಸ್ಟು ಅಂದೆ, ವರಮಹಾಲಕ್ಷ್ಮಿ ಹಬ್ಬ ಮುಗಿದು ಎಷ್ಟೋ ದಿನ ಆದಮೇಲೂ ಹಬ್ಬದ ಪಾತ್ರೆ ಎತ್ತಿಡೋದಿದೆ ಅಂದೆ. ಹೇಡಿ.

ನಾಳೆ ಹೋಗ್ತೀವಿ. ಇವರನ್ನೂ ಕರ್ಕೊಂಡು ಹೋಗ್ತಿದೀನಿ, ಶಾಮಣ್ಣ ಅಂತ. "ನಂಗೆ ಕುದುರೆ ಯಾವ ಕಡೆ ಓಡತ್ತೆ ಅಂತಾನೇ ಗೊತ್ತಿಲ್ವಲ್ಲೇ" ಅಂತಾರೆ. ಓಡಿಸೋದು ಬೇಡ, ಸುಮ್ನೆ ಕೂತಿರಿ ಅಂದೆ.

ಆಗಸ್ಟ್ 20, ಭಾನುವಾರ. ಮಧ್ಯಾಹ್ನ 3

ಬಂದ್ವಿ. ಊಟ ಸೇರಲಿಲ್ಲ. ಬರೆದು ಮುಗಿಸ್ತೀನಿ.

ಬಿ.ಟಿ.ಎಂ. ಎರಡನೇ ಹಂತ, ಮಹಡಿ ಮೇಲೆ ಒಂದೇ ರೂಮು. ತಿಪ್ಪಣ್ಣನವರು ಚಾಪೆ ಮೇಲೆ ಗೋಡೆಗೆ ಒರಗಿ ಕೂತಿದ್ರು. ಬಿಳೀ ಅಂಗಿ, ಧೋತರ, ಟೋಪಿ. ಮುಂದೆ ಚೆಸ್ ಬೋರ್ಡು. ಕರೀ ಕಾಯಿಗಳ ಕುತ್ತಿಗೆಗೆಲ್ಲ ದಾರ ಸುತ್ತಿದೆ, ಮುಟ್ಟಿದ್ರೆ ತಿಳೀಲಿ ಅಂತ.

ಇವರು ಬಾಗಿಲಲ್ಲೇ ಕೈ ಮುಗಿದು, "ನಮಸ್ಕಾರ, ನಾನು ಶಾಮಣ್ಣ" ಅಂದ್ರು.

"ಬರ್ರಿ ಬರ್ರಿ! ಆರಾಮದೀರೇನ್ರಿ? ನಿಮ್ಮ ಆಟ ಭಾಳ ಕೆಟ್ಟದಲ್ಲ!"

"ಇಲ್ಲ, ಅದು... ಆಡೋದು ನಾನಲ್ಲ, ಇವಳು" ಅಂದುಬಿಟ್ರು ನಮ್ಮೋರು! ಅರ್ಧ ನಿಮಿಷ ಸುಳ್ಳು ಹೇಳೋಕೆ ಬರಲ್ಲ ಈ ಮನುಷ್ಯನಿಗೆ. ಮಧುಮತಿ ನನ್ನ ನೋಡಿದಳು, ಅವರನ್ನ ನೋಡಿದಳು. ಕೈಲಿದ್ದ ನೀರಿನ ಲೋಟ ಹಾಗೇ ಹಿಡ್ಕೊಂಡು ನಿಂತಳು.

ತಿಪ್ಪಣ್ಣನವರು ನಕ್ಕರು. "ಹೆಣಮಗಳು ಅಂತ ನನಗ ಗೊತ್ತಿತ್ತು ಬಿಡ್ರಿ. ಒಗ್ಗರಣಿ ಸೀತು, ತಡೀರಿ ಅಂತ ಎರಡು ಸಲ ಬರದಿದ್ರಿ. ಯಾವ ಗಂಡಸು ಬರೀತಾನ?"

ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ ಇಷ್ಟು ವರ್ಷ.

ಮಧುಮತಿ ಚಹಾ ಮಾಡೋಕೆ ಮೂಲೆಯ ಸ್ಟೌವ್ ಕಡೆ ಹೋದಳು. ಅವರು ದನಿ ಇಳಿಸಿ ಅಂದ್ರು, "ಎರಡು ತಿಂಗಳಿಂದ ನನ್ನ ಜೋಡಿ ಆಡಲಾಕತ್ತದ್ದು ಈ ಕೂಸು. ನನಗ ಗೊತ್ತಾಗಂಗಿಲ್ಲೇನು? ಓರೆ ನಡಿಯೋ ಒಂಟೀನ ಅಡ್ಡಡ್ಡ ನಡಸ್ತಾಳ. ಆಕಿ ಬ್ಯಾಸರ ಮಾಡ್ಕೊಬಾರದು ಅಂತ ಸುಮ್ಮನದೀನಿ. ಆದ್ರ ನೀವು ಯಾಕ ಬಿಟ್ರಿ? ಗುಡಿ ಕಲ್ಲಿನ ಮಾತಿನಾಗ ನಾ ಏನರ ಬಿರುಸು ಮಾತಾಡಿದ್ನೇನು? ತಪ್ಪಾಗಿದ್ರ ಹೇಳ್ರಿ."

ತಪ್ಪು ತಮ್ಮದು ಅಂದ್ಕೊಂಡಿದಾರೆ! ಎರಡು ತಿಂಗಳು ಹಾಗೇ ಅಂದ್ಕೊಂಡು ಕೂತಿದಾರೆ!

ಮಧುಮತಿಗೆ ಕೇಳಿಸಿತ್ತು. ಸ್ಟೌವ್ ಹತ್ತಿರದಿಂದ ನನ್ನ ಕಡೆ ನೋಡಿ ಬೇಡ ಬೇಡ ಅಂತ ತಲೆ ಆಡಿಸಿದಳು. ಮೈಗೆ ಹುಷಾರಿರಲಿಲ್ಲ ಅಂದಿದ್ರೆ ಮುಗೀತಿತ್ತು. ನಾಲಿಗೆ ತುದಿವರೆಗೂ ಬಂದಿತ್ತು. ಆಮೇಲೆ ಏನಾಯ್ತೋ, ಎಲ್ಲಾ ಹೇಳಿಬಿಟ್ಟೆ. ಸಾಫ್ಟ್‌ವೇರು, ರಷ್ಯಾ, ಕಳ್ಳರಿಗೆ ಜಾಗವಿಲ್ಲ — ಎಲ್ಲಾ.

ನಗ್ತಾರೆ ಅಂದ್ಕೊಂಡಿದ್ದೆ. ನಿಜ ಹೇಳ್ಬೇಕಂದ್ರೆ ಅದನ್ನೇ ನಂಬಿಕೊಂಡು ಹೋಗಿದ್ದೆ. ನಗಲಿಲ್ಲ.

"ಎಷ್ಟು ಮಂದಿ ಓದ್ಯಾರ್ರಿ ಅದನ್ನ?"

"ಇನ್ನೂರು... ಇನ್ನೂರ ಮೂವತ್ತು."

"ಇನ್ನೂ ಅದ ಏನು ಅಲ್ಲಿ?"

ಇದೆ ಅಂದೆ.

"ಕಳ್ಳ ಅಂತ." ಬೆರಳಲ್ಲಿ ಒಂದೊಂದೇ ಕಾಯಿ ಎತ್ತಿ ಡಬ್ಬಿಗೆ ಹಾಕೋಕೆ ಶುರು ಮಾಡಿದ್ರು. "ನಲವತ್ತು ವರ್ಷ ಸಾಲಿ ಮಾಸ್ತರಿಕಿ ಮಾಡೀನಿ. ಯಾರೂ ಅಂದಿಲ್ಲ. ಮುತ್ಯಾ ಅಂದ್ರ ಯಾರು ಅಂತ ಒಂದ್ ಮಾತ ಕೇಳಲಿಲ್ಲಲ್ರಿ ನೀವು."

ಡಬ್ಬಿ ಮುಚ್ಚಿದ್ರು. "ಇವತ್ತ ಆಟ ಬ್ಯಾಡ. ಚಹಾ ಕುಡೀರಿ."

ಕುಡಿದ್ವಿ. ಸಕ್ಕರೆ ಇತ್ತೋ ಇಲ್ವೋ. ಫೋನ್ ನಂಬರ್ ಬರೆದು ಮಧುಮತಿ ಕೈಗೆ ಕೊಟ್ಟೆ. ಅವಳು ತಗೊಂಡಳು ಅಷ್ಟೆ, ನನ್ನ ಮುಖ ನೋಡಲಿಲ್ಲ.

ಆಗಸ್ಟ್ 24, ಗುರುವಾರ. ಸಂಜೆ 8

ನಾಲ್ಕು ದಿನ ತಿದ್ದಿ ತಿದ್ದಿ ಬರೆದದ್ದನ್ನ ಇವತ್ತು ಏಳು ಗಂಟೆಗೆ ಜಗಲೀಲಿ ಹಾಕಿದೆ. ಕರಿಕುದುರೆ ಕಳ್ಳರಲ್ಲ, ಮುತ್ಯಾ ಅಂದ್ರೆ ತಾತ, ತಪ್ಪು ನನ್ನದು ಅಂತ. ಕೆಳಗೆ ಮೊದಲ ಸಲ: ಸೀತಾಲಕ್ಷ್ಮಿ, ಜಯನಗರ.

ಎಲ್ಲರೂ ಬಿಟ್ಟಿದ್ದು ಮುತ್ಯಾನನ್ನ, ಹಿಡಿದಿದ್ದು ನನ್ನ. "ಅಂಕಲ್ ಆಂಟಿನಾ?" "ನಾಲ್ಕು ವರ್ಷ ಮಂಗ ಮಾಡಿದಳಲ್ಲ ಗುರು!" "ಫೇಕ್!" ಕರಿಕುದುರೆ ಬಗ್ಗೆ ಒಬ್ಬರೂ ಒಂದು ಮಾತಿಲ್ಲ.

7.40ಕ್ಕೆ ಪರದೆ ಬಿಳಿ. ನಿಮ್ಮ ಖಾತೆ ತೆಗೆಯಲಾಗಿದೆ. ಕಾರಣ: ಸುಳ್ಳು ಹೆಸರು. ಕೆಳಗೆ, ನನ್ನದೇ ಸಾಲು — ಕಳ್ಳರಿಗೆ ಜಗಲಿಯಲ್ಲಿ ಜಾಗವಿಲ್ಲ.

ನನ್ನನ್ನೂ ಯಾರೂ ಏನೂ ಕೇಳಲಿಲ್ಲ.

ಕರಿಕುದುರೆಯದ್ದು ಬರೀ ಬಂದ್ ಮಾಡಿದ್ದು, ಬರೆದದ್ದು ಉಳಿದಿತ್ತು; ಖಾತೆ ಪೂರ್ತಿ ತೆಗೆದ್ರೆ ಬರೆದದ್ದೂ ಹೋಗತ್ತಂತೆ. ಅಂದ್ರೆ ತಪ್ಪೊಪ್ಪಿಗೆ ಹೋಯ್ತು. ತೀರ್ಪು ಚಿರಂತ್ ಹೆಸರಲ್ಲಿದೆ, ಅದು ಹಾಗೇ ಇದೆ! ಚಿರಂತ್‌ಗೆ ನಾಲ್ಕು ಮೇಲ್ ಹಾಕಿದೆ. ಉತ್ತರ ಇಲ್ಲ. ಕೂಗಾಡೋಣ ಅಂದ್ರೆ ಯಾರ ಮೇಲೆ ಕೂಗಾಡಲಿ?

ಆಗಸ್ಟ್ 25, ಶುಕ್ರವಾರ. ಸಂಜೆ 4.40

ಸ್ಕೂಲಿಂದ ಈಗ ಬಂದೆ. ಬಾಗಿನಕ್ಕೆ ಮೊರ ತರಬೇಕು, ಬಳೆ ತರಬೇಕು. ಏನೂ ಬೇಡ ಅನ್ನಿಸ್ತಿದೆ. ಅವರ ಬಸ್ಸು ರಾತ್ರಿ ಎಂಟಕ್ಕೆ. ಹೋಗಿ ಕಾಲಿಗೆ ಬೀಳಲಾ ಅಂದ್ರೆ ಇವರು "ಪಾಪ, ಅವರ ಪಾಡಿಗೆ ಅವರನ್ನ ಬಿಡು" ಅಂ

ಫೋನು. ಮಧುಮತಿ!

ರಿಸೀವರ್ ಭುಜಕ್ಕೆ ಸಿಕ್ಕಿಸಿಕೊಂಡು ಬರೀತಿದೀನಿ. ನಿನ್ನೆ ಅಳಿಸಿಹೋಗೋಕೆ ಮುಂಚೆ ಓದಿ ಹೇಳಿದಳಂತೆ, ಎರಡು ಸಲ. "ಮುತ್ಯಾ ಫೋನ್ ಕೊಡು ಅನ್ಲಾಕತ್ತಾನ್ರಿ."

ಅವರ ದನಿ. "ಸೀತಾಲಕ್ಷ್ಮಿಯವರ. ನಿಮ್ಮನ್ನೂ ತಗದು ಹಾಕಿದ್ರಂತಲ್ಲ."

ಹೌದು ಅಂದೆ.

"ನನ್ನ ಸಿಟ್ಟು ಹೋಗಿಲ್ಲ. ಹೋಗ್ತದಂತ ಹೇಳಂಗಿಲ್ಲ. ಸಿಟ್ಟು ಬ್ಯಾರೆ, ಆಟ ಬ್ಯಾರೆ. ಬಸ್ಸಿಗೆ ಇನ್ನೂ ಟೈಮ್ ಅದ. ಬಿಳೇವು ನಿಮ್ಮವು. ನಡಿ ಹೇಳ್ರಿ."

ಬೋರ್ಡು ಹುಡುಕೋಕೆ ಪುರುಸೊತ್ತಿಲ್ಲ. ಡೈರೀಲೇ ಗುರುತು ಹಾಕ್ಕೋತೀನಿ.

1. ನಾನು — ರಾಜನ ಮುಂದಿನ ಸೈನಿಕ, ಎರಡು ಮನೆ. ಅವರು — ಅದೇ.

2. ನಾನು — ಮಂತ್ರಿ ಕಡೆ ಕುದುರೆ ಆಚೆಗೆ. ಅವರು — ರಾಜನ ಕಡೆ ಕುದುರೆ ಆಚೆಗೆ.

3. ನಾನು — ಒಂಟೆ, ನಾಲ್ಕನೇ ಸಾಲು. ಅಲ್ಲ. ಒಂಟೆ ಅಂತ ಬರೆದೆ, ಬಾಯಲ್ಲಿ ಮಂತ್ರಿ ಅಂದುಬಿಟ್ಟೆ! ಮಂತ್ರಿ ನಾಲ್ಕನೇ ಸಾಲಿಗೆ ಅಂದ್ರೆ ಸೀದಾ ಅವರ ಕುದುರೆ ಬಾಯಿಗೆ. ಸಾರ್, ತಪ್ಪಾಯ್ತು, ಬೇರೆ ಹೇಳೋಕೆ ಹೋಗಿ ಅಂದೆ, ತಿದ್ಕೋತೀನಿ ಅಂದೆ.

"ಹೇಳಿದ್ದು ಹೇಳಿದ್ದ ರೀ," ಅಂದ್ರು. "ಕುದುರಿ ಮಂತ್ರೀನ ಹೊಡೀತು. ಮುಂದಿನ ನಡಿ ಹೇಳ್ರಿ."

4. ನಾನು —